ತಾಯಿ ಕಾರ್ಡ್ ನೋಡಿ ಮಗುವಿನ ರಕ್ತದ ಗುಂಪು ಲೆಕ್ಕ ಹಾಕುವುದು

ಕಾರವಾರವಿರಲಿ, ಶಿರಸಿಯಿರಲಿ, ಬಸುರಿಯ ರಕ್ತದ ಗುಂಪು ತಾಯಿ ಕಾರ್ಡಿನಲ್ಲಿ ಸಿಗುತ್ತದೆ. ಗಂಡನದ್ದು ಗೊತ್ತಿಲ್ಲದಿದ್ದರೆ ಪರೀಕ್ಷೆ ಮಾಡಿಸಿ. ಒಬ್ಬರದ್ದಷ್ಟೇ ಹಿಡಿದು ಲೆಕ್ಕ ಮಾಡಲಾಗದು.

ಪ್ರತಿಯೊಬ್ಬರಲ್ಲೂ ಗುಂಪಿನ ವಂಶವಾಹಿ ಎರಡು: ಅಪ್ಪನದೊಂದು, ಅಮ್ಮನದೊಂದು. ಎ ಮತ್ತು ಬಿ ಎರಡೂ ಹೊರಗೆ ಕಾಣುತ್ತವೆ. ಓ ಅವುಗಳ ಜೊತೆ ಬಂದರೆ ಅಡಗಿಬಿಡುತ್ತದೆ. ಹಾಗಾಗಿ ಓ ಗುಂಪೆಂದರೆ ಓ-ಓ, ಎಬಿ ಎಂದರೆ ಎ-ಬಿ. ತೊಡಕಿರುವುದು ಎ ಮತ್ತು ಬಿ ಗುಂಪಿನವರಲ್ಲಿ. ಎ ಎಂದು ಬರೆದಿದ್ದರೆ ಎ-ಎ ಇರಬಹುದು, ಎ-ಓ ಇರಬಹುದು. ಅವರ ಅಪ್ಪನೋ ಅಮ್ಮನೋ ಓ ಆಗಿದ್ದರೆ, ಇಲ್ಲವೇ ಮೊದಲ ಮಗು ಓ ಆಗಿದ್ದರೆ, ಎ-ಓ ಖಚಿತ.

ನಾಲ್ಕು ಮನೆಯ ಚೌಕ ಎಳೆದು ಮೇಲೆ ಅಪ್ಪನ ಎರಡು, ಎಡಕ್ಕೆ ಅಮ್ಮನ ಎರಡು ಬರೆದು ಜೋಡಿಸಿ. ಎ-ಓ, ಬಿ-ಓ ದಂಪತಿಗೆ ಎ, ಬಿ, ಎಬಿ, ಓ ನಾಲ್ಕೂ ತಲಾ ಶೇ. 25. ಇದು ಪ್ರತಿ ಬಸಿರಿಗೂ ಹೊಸ ಲೆಕ್ಕ; ಮೂರು ಮಕ್ಕಳು ಎ ಆದರೆಂದು ನಾಲ್ಕನೆಯದು ಓ ಆಗಬೇಕೆಂದಿಲ್ಲ. ಓ ಮತ್ತು ಎಬಿ ದಂಪತಿಯ ಮಗು ಎ ಅಥವಾ ಬಿ; ಇಬ್ಬರ ಗುಂಪೂ ಬಾರದಿರುವುದೇ ಅಲ್ಲಿ ಸಹಜ.

ಲೆಕ್ಕ ತಪ್ಪಿದರೆ ಹೆಂಗಸಿನ ಮೇಲೆ ಸಂಶಯ ಪಡುವ ಮೊದಲು ಕಾಗದದ ಮೇಲೆ ಪಡಿ. ಶಿಬಿರದಲ್ಲಿ ಗಾಜಿನ ಪಟ್ಟಿಯ ಮೇಲೆ ಅವಸರದಲ್ಲಿ ನೋಡಿದ ಫಲಿತಾಂಶ ತಪ್ಪಿರುವುದುಂಟು. ರಕ್ತನಿಧಿಯಲ್ಲಿ ಮತ್ತೆ ಮಾಡಿಸಿ. ಎಳೆಗೂಸಿನ ರಕ್ತಕಣಗಳಲ್ಲಿ ಎ, ಬಿ ಗುರುತುಗಳು ದುರ್ಬಲ, ಬೇರೆ ಗುಂಪಿನ ರಕ್ತವನ್ನು ಎದುರಿಸುವ ಪ್ರತಿಕಾಯಗಳೂ ಇನ್ನೂ ಹುಟ್ಟಿರುವುದಿಲ್ಲ. ವರ್ಷ ತುಂಬಿದ ಮೇಲೆ ಇನ್ನೊಮ್ಮೆ ನೋಡುವುದು ಒಳ್ಳೆಯದು. ತೀರಾ ಅಪರೂಪಕ್ಕೆ, 1952ರಲ್ಲಿ ಮುಂಬೈಯಲ್ಲಿ ಪತ್ತೆಯಾದ ಬಾಂಬೆ ಗುಂಪು, ವಂಶವಾಹಿಯಲ್ಲಿ ಎ ಅಥವಾ ಬಿ ಇದ್ದರೂ, ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುತ್ತದೆ. ಸೋದರಿಕೆಯ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಇವರಿಗೆ ಮಾಮೂಲಿ ಓ ರಕ್ತ ಕೊಟ್ಟರೆ ಅಪಾಯ.

ಪಾಸಿಟಿವ್-ನೆಗೆಟಿವ್ ಬೇರೆಯೇ ಲೆಕ್ಕ. ನೆಗೆಟಿವ್ ಕೂಡ ಅಡಗುವ ಗುಣ, ಆದ್ದರಿಂದ ಇಬ್ಬರು ಪಾಸಿಟಿವ್‌ಗಳಿಗೆ ನೆಗೆಟಿವ್ ಮಗು ಹುಟ್ಟಬಹುದು. ಇಬ್ಬರೂ ನೆಗೆಟಿವ್ ಆದರೆ ಮಗುವೂ ನೆಗೆಟಿವ್. ಎಚ್ಚರ ಬೇಕಾದದ್ದು ಅಮ್ಮ ನೆಗೆಟಿವ್, ಅಪ್ಪ ಪಾಸಿಟಿವ್ ಆದಾಗ. ಮಗುವಿನ ರಕ್ತದ ವಿರುದ್ಧ ಅಮ್ಮನಲ್ಲಿ ಪ್ರತಿಕಾಯ ಹುಟ್ಟಿದರೆ ಮುಂದಿನ ಮಗುವಿಗೆ ರಕ್ತಹೀನತೆ, ಕಾಮಾಲೆ ಕಾಡುತ್ತದೆ. ಅದಕ್ಕೇ ಸುಮಾರು 28ನೇ ವಾರಕ್ಕೊಮ್ಮೆ, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ, ಆ ಪ್ರತಿಕಾಯ ಹುಟ್ಟದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು. ಗರ್ಭಪಾತವಾದರೂ ವೈದ್ಯರನ್ನು ಕೇಳಲೇಬೇಕು. ಪ್ರತಿಕಾಯ ಆಗಲೇ ಹುಟ್ಟಿದ್ದರೆ ಈ ಮದ್ದು ಉಪಯೋಗಕ್ಕೆ ಬಾರದು. ಹೆರಿಗೆಗೆ ತವರಿಗೆ ಹೋಗುವವರು ಗಂಡನ ವರದಿಯನ್ನೂ ಜೊತೆಗೊಯ್ಯಿರಿ, ಅಲ್ಲಿನ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಇದೆಯೇ ಎಂದು ಮೊದಲೇ ವಿಚಾರಿಸಿಡಿ.