ಫಾರ್ಮ್ ಮುಚ್ಚುವಾಗ ಕಸ್ಟಮ್ ಗ್ರಿಡ್ ಎರರ್ ಕೊಟ್ಟರೆ ಎಲ್ಲಿ ಹುಡುಕಬೇಕು

ವಿಂಡೋಸ್ ಫಾರ್ಮ್ಸ್‌ನಲ್ಲಿ (ಡಾಟ್‌ನೆಟ್‌ನ ಡೆಸ್ಕ್‌ಟಾಪ್ ಕಿಟಕಿ ಕಟ್ಟುವ ಸಾಧನ) ಡೇಟಾಗ್ರಿಡ್‌ವ್ಯೂ (ಡೇಟಾವನ್ನು ಟೇಬಲ್ ಆಗಿ ತೋರಿಸುವ ಕಂಟ್ರೋಲ್) ಕ್ಲಾಸನ್ನು ಇನ್‌ಹೆರಿಟ್ ಮಾಡಿ ಕಟ್ಟಿದ ಗ್ರಿಡ್, ಫಾರ್ಮ್ ತೆರೆದಿರುವಷ್ಟು ಹೊತ್ತು ಸರಿಯಾಗಿದ್ದು ಮುಚ್ಚುವಾಗ ಮಾತ್ರ ಎಕ್ಸೆಪ್ಷನ್ ಎಸೆಯುತ್ತದೆಯೇ? ಎರರ್ ಬಂದ ಸಾಲಿಗೆ ಟ್ರೈ-ಕ್ಯಾಚ್ ಸುತ್ತಬೇಡಿ. ತಪ್ಪು ಸಾಮಾನ್ಯವಾಗಿ ಆ ಸಾಲಿನಲ್ಲಿ ಇರುವುದಿಲ್ಲ, ಯಾವುದು ಮೊದಲು ಬಿಡುಗಡೆಯಾಯಿತು ಎನ್ನುವ ಕ್ರಮದಲ್ಲಿರುತ್ತದೆ.

ಮೊದಲು ಎಕ್ಸೆಪ್ಷನ್ ಹುಟ್ಟುವ ಜಾಗ ಹಿಡಿಯಿರಿ. ವಿಷುವಲ್ ಸ್ಟುಡಿಯೋದಲ್ಲಿ ಕಂಟ್ರೋಲ್+ಆಲ್ಟ್+ಇ ಒತ್ತಿ ಎಕ್ಸೆಪ್ಷನ್ ಸೆಟ್ಟಿಂಗ್ಸ್ ತೆರೆದು, ಕಾಮನ್ ಲಾಂಗ್ವೇಜ್ ರನ್‌ಟೈಮ್ ಎಕ್ಸೆಪ್ಷನ್ಸ್‌ಗೆ ಟಿಕ್ ಹಾಕಿ, ಜಸ್ಟ್ ಮೈ ಕೋಡ್ (ನಿಮ್ಮದಲ್ಲದ ಕೋಡನ್ನು ಡಿಬಗರ್‌ನಲ್ಲಿ ಅಡಗಿಸುವ ಆಯ್ಕೆ) ಆಫ್ ಮಾಡಿ. ಕಾಲ್ ಸ್ಟ್ಯಾಕ್‌ನಲ್ಲಿ (ಯಾವ ಮೆಥಡ್ ಯಾವುದನ್ನು ಕರೆಯಿತು ಎನ್ನುವ ಪಟ್ಟಿ) ಡಿಸ್ಪೋಸ್, ಅಂದರೆ ಬಿಡುಗಡೆ ಮಾಡುವ ಮೆಥಡ್, ಕಾಣಿಸಿದರೆ ಒಂದು ದಾರಿ; ವ್ಯಾಲಿಡೇಟ್, ಅಂದರೆ ಟೈಪ್ ಮಾಡಿದ್ದು ಸರಿಯೇ ಎಂದು ಪರೀಕ್ಷಿಸುವುದು, ಕಾಣಿಸಿದರೆ ಇನ್ನೊಂದು.

ಡಿಸ್ಪೋಸ್ ಕಂಡರೆ: ಡಿಸೈನರ್ ಬರೆದ ಕೋಡ್ ನೋಡಿ. ಅದು ಮೊದಲು ಕಾಂಪೊನೆಂಟ್ಸ್ ಡಿಸ್ಪೋಸ್ ಮಾಡಿ, ಆಮೇಲೆ ಬೇಸ್ ಡಿಸ್ಪೋಸ್ ಕರೆಯುತ್ತದೆ. ಬೈಂಡಿಂಗ್‌ಸೋರ್ಸ್ (ಡೇಟಾವನ್ನು ಗ್ರಿಡ್‌ಗೆ ಜೋಡಿಸುವ ಕಾಂಪೊನೆಂಟ್) ಆ ಕಾಂಪೊನೆಂಟ್ಸ್ ಪಟ್ಟಿಯಲ್ಲಿದ್ದರೆ ಗ್ರಿಡ್ ಇನ್ನೂ ಜೀವಂತ ಇರುವಾಗಲೇ ಅದು ಹೋಗಿರುತ್ತದೆ. ಗ್ರಿಡ್ ತನ್ನ ಸರದಿಯಲ್ಲಿ ಕಾಲಂಗಳನ್ನು ಖಾಲಿ ಮಾಡುವಾಗ ಕರೆಂಟ್‌ಸೆಲ್ ನಲ್ ಆಗುತ್ತದೆ, ಸೆಲೆಕ್ಷನ್‌ಚೇಂಜ್ಡ್ ಇವೆಂಟ್ ಓಡುತ್ತದೆ. ಅದರ ಹ್ಯಾಂಡ್ಲರ್‌ನಲ್ಲಿ ಕರೆಂಟ್‌ರೋ.ಸೆಲ್ಸ್ ಎಂದು ನೇರವಾಗಿ ಬರೆದಿದ್ದರೆ ನಲ್ ರೆಫರೆನ್ಸ್ ಖಂಡಿತ.

ಇಲ್ಲಿ ಬಹಳ ಜನ ಡಿಸ್ಪೋಸಿಂಗ್ ಪ್ರಾಪರ್ಟಿ ಪರೀಕ್ಷಿಸಿ ಮೋಸ ಹೋಗುತ್ತಾರೆ. ಅದು ಟ್ರೂ ಆಗುವುದು ಕಂಟ್ರೋಲ್ ಕ್ಲಾಸಿನ ಡಿಸ್ಪೋಸ್ ಒಳಗೆ. ಗ್ರಿಡ್ ಕಾಲಂ ಖಾಲಿ ಮಾಡುವಾಗ ಇನ್ನೂ ಫಾಲ್ಸ್ ಇರುತ್ತದೆ. ಆದ್ದರಿಂದ ನಿಮ್ಮದೇ ಒಂದು ಬೂಲ್ ಫೀಲ್ಡ್ ಇಟ್ಟುಕೊಳ್ಳಿ. ಗ್ರಿಡ್‌ನ ಡಿಸ್ಪೋಸ್ ಓವರ್‌ರೈಡ್‌ನಲ್ಲಿ ಮೊದಲ ಕೆಲಸ ಅದನ್ನು ಟ್ರೂ ಮಾಡುವುದು. ನಂತರ ಟೈಮರ್ ನಿಲ್ಲಿಸಿ, ಹೊರಗಿನ ಇವೆಂಟ್‌ಗಳನ್ನು ಬಿಚ್ಚಿ, ಡೇಟಾಸೋರ್ಸ್ ನಲ್ ಮಾಡಿ, ಬೇಸ್ ಡಿಸ್ಪೋಸ್ ಕರೆಯಿರಿ. ನೀವೇ ಸೃಷ್ಟಿಸಿದ ಫಾಂಟ್, ಬ್ರಷ್‌ಗಳನ್ನು ಅದಾದ ಮೇಲೆ ಬಿಡಿ. ಮೊದಲೇ ಬಿಟ್ಟರೆ ಕೊನೆಯ ಪೇಂಟ್‌ನಲ್ಲಿ ‘ಪ್ಯಾರಾಮೀಟರ್ ಈಸ್ ನಾಟ್ ವ್ಯಾಲಿಡ್’ ಬರುತ್ತದೆ. ಆನ್‌ಸೆಲೆಕ್ಷನ್‌ಚೇಂಜ್ಡ್ ಓವರ್‌ರೈಡ್‌ನ ಮೊದಲ ಸಾಲಿನಲ್ಲಿ ಆ ಬೂಲ್ ನೋಡಿ ರಿಟರ್ನ್ ಆಗಿ, ಆಗ ಫಾರ್ಮ್ ಸೇರಿಸಿದ ಹ್ಯಾಂಡ್ಲರ್‌ಗಳೂ ಓಡುವುದಿಲ್ಲ. ಡಿಸ್ಪೋಸ್ ಎರಡು ಸಲ ಕರೆಯಲ್ಪಟ್ಟರೂ ತೊಂದರೆ ಆಗದಂತೆ ಬರೆಯಿರಿ.

ಸಿಸ್ಟಮ್‌ಇವೆಂಟ್ಸ್‌ನಂಥ (ವಿಂಡೋಸ್ ಸೆಟ್ಟಿಂಗ್ ಬದಲಾದಾಗ ತಿಳಿಸುವ ಕ್ಲಾಸ್) ಸ್ಟ್ಯಾಟಿಕ್ ಇವೆಂಟ್‌ಗೆ ಸೇರಿಕೊಂಡು ಬಿಚ್ಚದಿದ್ದರೆ ಮುಚ್ಚಿದ ಗ್ರಿಡ್ ಮೆಮೊರಿಯಲ್ಲೇ ಉಳಿದು, ಯಾವಾಗಲೋ ಆಬ್ಜೆಕ್ಟ್‌ಡಿಸ್ಪೋಸ್ಡ್ ಎಕ್ಸೆಪ್ಷನ್ ಕೊಡುತ್ತದೆ.

ವ್ಯಾಲಿಡೇಟ್ ಕಂಡರೆ: ಸೆಲ್ ಎಡಿಟ್‌ನಲ್ಲಿರುವಾಗ ಬಳಕೆದಾರರು ಮೇಲಿನ ಎಕ್ಸ್ ಒತ್ತಿದ್ದಾರೆ. ಫಾರ್ಮ್‌ಕ್ಲೋಸಿಂಗ್ ಇವೆಂಟ್‌ಗೆ ಮುಂಚೆಯೇ ವ್ಯಾಲಿಡೇಷನ್ ನಡೆಯುತ್ತದೆ; ಸೋತರೆ ಇ.ಕ್ಯಾನ್ಸಲ್ (ಮುಚ್ಚುವುದನ್ನು ತಡೆಯುವ ಗುರುತು) ಟ್ರೂ ಆಗಿಯೇ ನಿಮ್ಮ ಕೈಗೆ ಬರುತ್ತದೆ. ಉಳಿಸದೆ ಮುಚ್ಚಲು ಬಿಡಬೇಕೆಂದರೆ ಅಲ್ಲಿ ಗ್ರಿಡ್‌ನ ಕ್ಯಾನ್ಸಲ್‌ಎಡಿಟ್ ಕರೆದು ಇ.ಕ್ಯಾನ್ಸಲ್ ಅನ್ನು ಫಾಲ್ಸ್ ಮಾಡಿ. ಸೆಲ್‌ವ್ಯಾಲಿಡೇಟಿಂಗ್‌ನಲ್ಲಿ ಮೆಸೇಜ್‌ಬಾಕ್ಸ್ ತೋರಿಸುವುದನ್ನು ಬಿಟ್ಟು ಎರರ್‌ಟೆಕ್ಸ್ಟ್ ಬಳಸಿ. ‘ರೀಎಂಟ್ರೆಂಟ್ ಕಾಲ್’ ಎಂದು ಬಂದರೆ ಸೆಲ್ ಬದಲಾಗುತ್ತಿರುವ ಇವೆಂಟ್ ಒಳಗೇ ಕರೆಂಟ್‌ಸೆಲ್ ಅಥವಾ ಡೇಟಾಸೋರ್ಸ್ ಬದಲಿಸುತ್ತಿದ್ದೀರಿ. ಆ ಕೆಲಸವನ್ನು ಬಿಗಿನ್‌ಇನ್ವೋಕ್‌ಗೆ (ಈಗಿನ ಇವೆಂಟ್ ಮುಗಿದ ಮೇಲೆ ಕೋಡ್ ಓಡಿಸುವ ಮೆಥಡ್) ಮುಂದೂಡಿ.

ಬ್ಯಾಕ್‌ಗ್ರೌಂಡ್ ಥ್ರೆಡ್ ಗ್ರಿಡ್‌ಗೆ ಡೇಟಾ ತುಂಬುತ್ತಿದ್ದರೆ ಇನ್ವೋಕ್‌ರಿಕ್ವೈರ್ಡ್ (ಬೇರೆ ಥ್ರೆಡ್‌ನಿಂದ ಕರೆಯುತ್ತಿದ್ದೀರಾ ಎಂದು ಹೇಳುವ ಪ್ರಾಪರ್ಟಿ) ಒಂದನ್ನೇ ನಂಬಬೇಡಿ. ವಿಂಡೋ ಹ್ಯಾಂಡಲ್ (ಕಿಟಕಿಗೆ ವಿಂಡೋಸ್ ಕೊಡುವ ಗುರುತು) ಇಲ್ಲದಿದ್ದಾಗ ಅದು ಫಾಲ್ಸ್ ಹೇಳಬಹುದು. ಫಾರ್ಮ್‌ಕ್ಲೋಸಿಂಗ್‌ನಲ್ಲಿ ಕ್ಯಾನ್ಸಲೇಷನ್ ಟೋಕನ್ ಕೊಟ್ಟು ಕೆಲಸ ನಿಲ್ಲಿಸಿ, ಪ್ರತಿ ಅವೇಟ್ ಆದಮೇಲೆ ಈಸ್‌ಡಿಸ್ಪೋಸ್ಡ್ ನೋಡಿ.

ಶೋಡೈಲಾಗ್‌ನಿಂದ ತೆರೆದ ಫಾರ್ಮ್ ಮುಚ್ಚಿದರೂ ತಾನಾಗಿ ಡಿಸ್ಪೋಸ್ ಆಗುವುದಿಲ್ಲ, ಯೂಸಿಂಗ್ ಬ್ಲಾಕ್‌ನಲ್ಲಿಡಿ. ಸರಿಪಡಿಸಿದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಜಿಡಿಐ ಆಬ್ಜೆಕ್ಟ್ಸ್ (ಫಾಂಟ್, ಬ್ರಷ್‌ನಂಥ ಚಿತ್ರಿಸುವ ಸಂಪನ್ಮೂಲಗಳ ಎಣಿಕೆ) ಕಾಲಂ ತೆರೆದಿಟ್ಟು, ಒಂದು ಸೆಲ್‌ನಲ್ಲಿ ಅರ್ಧ ಟೈಪ್ ಮಾಡಿ, ಫಾರ್ಮನ್ನು 50 ಸಲ ತೆರೆದು ಮುಚ್ಚಿ. ಆ ಸಂಖ್ಯೆ ಪ್ರತಿ ಸಲ ಏರುತ್ತಲೇ ಹೋದರೆ ಇನ್ನೂ ಯಾವುದೋ ಫಾಂಟ್ ಅಥವಾ ಬ್ರಷ್ ಬಿಡುಗಡೆಯಾಗಿಲ್ಲ.