ಬ್ರಿಟಿಷರ ಕಾಲದ ಜಾತಿ ದಾಖಲೆಗಳನ್ನು ಊರಿನ ಚರಿತ್ರೆಗೆ ಬಳಸುವ ಬಗೆ

ಸ್ಮರಣ ಸಂಚಿಕೆಗೋ ಸಮುದಾಯದ ಇತಿಹಾಸಕ್ಕೋ ಸಾಮಗ್ರಿ ಹುಡುಕುವವರು ಮೊದಲು ಕೈಹಾಕುವುದು ಹಳೆಯ ಗೆಜೆಟಿಯರ್‌ಗೆ, ಅಂದರೆ ಸರ್ಕಾರ ಜಿಲ್ಲೆವಾರು ಹೊರತಂದ ಮಾಹಿತಿ ಗ್ರಂಥಕ್ಕೆ. ಸಿಕ್ಕ ನಾಲ್ಕು ಸಾಲಿಗೆ ‘ಅನಾದಿ ಕಾಲದಿಂದಲೂ’ ಅಂತ ಸೇರಿಸಿ ಇಳಿಸಿಬಿಡುತ್ತಾರೆ. ಯಾವನೋ ಅಧಿಕಾರಿ ಯಾರನ್ನೋ ಕೇಳಿ ಬರೆಸಿದ ಮೇಲು-ಕೀಳು ಹೀಗೆ ಇವತ್ತಿನ ಭಾಷಣ, ಪಠ್ಯ, ಪ್ರದರ್ಶನದ ಫಲಕಗಳಿಗೆ ದಾಟಿಕೊಳ್ಳುತ್ತದೆ. ಈ ಪುಸ್ತಕಗಳನ್ನು ಬಿಡಬೇಕಾಗಿಲ್ಲ, ಆದರೆ ಓದುವ ಕ್ರಮ ಬೇರೆ.

ಸ್ವಾತಂತ್ರ್ಯಕ್ಕೆ ಮುಂಚೆ ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತದಲ್ಲಿದ್ದವು. ಅವಕ್ಕೆ ಕ್ಯಾಂಪ್‌ಬೆಲ್ 1883-84ರಲ್ಲಿ ಹೊರತಂದ ಗೆಜೆಟಿಯರ್‌ಗಳು ಮತ್ತು ಜಾತಿ-ಬುಡಕಟ್ಟುಗಳ ಬಗ್ಗೆ ಎಂಥೋವೆನ್ ಬರೆದ ಸಂಪುಟಗಳು. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸಿನವು. ಅಲ್ಲಿಗೆ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗ್ಗೆ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಏಳು ಸಂಪುಟ. ಕಲಬುರಗಿ, ರಾಯಚೂರು, ಬೀದರ್ ನಿಜಾಮರವು. ಹಳೆಯ ಮೈಸೂರಿಗೆ ರೈಸ್‌ನ ಗೆಜೆಟಿಯರ್, ಆಮೇಲೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ನಾಲ್ಕು ಸಂಪುಟ. ಧಾರವಾಡದ ಹಳ್ಳಿಯ ಬಗ್ಗೆ ಬರೆಯುತ್ತ ಥರ್ಸ್ಟನ್‌ನನ್ನು ಉಲ್ಲೇಖಿಸುವುದು ಪದೇಪದೇ ಕಾಣುವ ತಪ್ಪು. ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ: ಈ ಪುಸ್ತಕಗಳು ಒಂದರಿಂದೊಂದು ಎತ್ತಿಕೊಂಡಿವೆ. ಥರ್ಸ್ಟನ್ ಮೈಸೂರು ಜನಗಣತಿ ವರದಿಗಳಿಂದ ಪುಟಗಟ್ಟಲೆ ತೆಗೆದುಕೊಂಡಿದ್ದಾನೆ. ಹಾಗಾಗಿ ಮೂರು ಕಡೆ ಒಂದೇ ಮಾತು ಸಿಕ್ಕರೆ ಅದು ಮೂರು ಸಾಕ್ಷಿಯಲ್ಲ. ಮೂಲ ಯಾವುದೆಂದು ಹಿಂದಕ್ಕೆ ಹೋಗಿ ಹಿಡಿಯಿರಿ.

ಈಗ ಮುಖ್ಯ ಕೆಲಸ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಕಣ್ಣಾರೆ ಕಂಡದ್ದು, ಕೇಳಿದ್ದು, ಹೇಳಿದವರು ಯಾರು, ಬರೆದವನ ತೀರ್ಪು. ‘ಈ ಜನ ಸೋಮಾರಿಗಳು, ಜಾತ್ರೆಗಳಲ್ಲಿ ಎತ್ತು ಮಾರುತ್ತಾರೆ, ತಮಿಳು ಸೀಮೆಯಿಂದ ಬಂದವರಂತೆ’ ಎಂಬ ಬಗೆಯ ವಾಕ್ಯ ಎದುರಾಯಿತೆನ್ನಿ. ‘ಎತ್ತು ಮಾರುತ್ತಾರೆ’ ಮೊದಲ ಕಾಲಂಗೆ, ‘ಬಂದವರಂತೆ’ ಎರಡನೆಯದಕ್ಕೆ, ‘ಸೋಮಾರಿಗಳು’ ಕೊನೆಯದಕ್ಕೆ. ಮೂರನೆಯ ಕಾಲಂ ಹೆಚ್ಚಾಗಿ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗವೇ ನಿಮಗೆ ಬೇಕಾದ ಮಾಹಿತಿ. ಹೇಳಿದವರು ಆ ಸಮುದಾಯದವರೋ, ಊರಿನ ಶಾನುಭೋಗರೋ, ಕಚೇರಿಯ ಗುಮಾಸ್ತರೋ ತಿಳಿಯದಿದ್ದರೆ ಅಂತಸ್ತಿನ ಬಗ್ಗೆ ಆ ಪುಟ ಹೇಳುವ ಯಾವುದನ್ನೂ ನಿಮ್ಮ ಮಾತಾಗಿ ಬರೆಯಬೇಡಿ. ಬರೆಯಲೇಬೇಕಾದರೆ ಇಸವಿ, ಬರೆದವನ ಹೆಸರು, ಹುದ್ದೆ ಜೊತೆಗಿರಲಿ.

ಜನಗಣತಿಯಲ್ಲಿ ಎಡವುವುದು ಸುಲಭ. 1901ರಲ್ಲಿ ಗಣತಿಯ ಮುಖ್ಯಸ್ಥನಾಗಿದ್ದ ರಿಸ್ಲೆ, ಜಾತಿಗಳನ್ನು ಸಾಮಾಜಿಕ ಮರ್ಯಾದೆಯ ಪ್ರಕಾರ ಸಾಲಾಗಿ ಜೋಡಿಸಲು ಹೊರಟ. ಸರ್ಕಾರಿ ಪುಸ್ತಕದಲ್ಲಿ ತಮ್ಮ ಜಾಗ ಎಲ್ಲಿ ಎಂಬುದು ಅಲ್ಲಿಂದ ಮುಂದೆ ದೊಡ್ಡ ಪ್ರಶ್ನೆಯಾಯಿತು. ಹೆಸರು ಬದಲಿಸಿ, ಮೇಲಿನ ವರ್ಣಕ್ಕೆ ಸೇರಿಸಿ ಎಂಬ ಅರ್ಜಿಗಳ ಮಳೆ. 1911ರಲ್ಲಿ ಬಂಗಾಳವೊಂದರಲ್ಲೇ ಬಂದ ಅರ್ಜಿಗಳ ತೂಕ ಒಂದೂವರೆ ಮಣ (ಸುಮಾರು 56 ಕಿಲೋ) ಎಂದು ಅಲ್ಲಿನ ವರದಿಯೇ ಹೇಳಿಕೊಂಡಿದೆ! ಇದರಿಂದ ನಿಮಗಾಗುವ ತೊಂದರೆ: ಒಂದು ಗಣತಿಯಿಂದ ಇನ್ನೊಂದಕ್ಕೆ ಒಂದು ಜಾತಿಯ ಸಂಖ್ಯೆ ದಿಢೀರನೆ ಕುಸಿದರೆ ಅದು ಬರ, ಪ್ಲೇಗು, ವಲಸೆಯೇ ಆಗಿರಬೇಕಿಲ್ಲ, ಹೆಸರು ಬದಲಾಗಿರಬಹುದು. ಆಯಾ ವರ್ಷದ ಕಾಗುಣಿತವನ್ನು ಇದ್ದಂತೆಯೇ ನಕಲು ಮಾಡಿ, ಪಕ್ಕದ ಹೆಸರುಗಳ ಅಂಕಿಯನ್ನೂ ಬರೆದುಕೊಳ್ಳಿ, ತಾಲ್ಲೂಕಿನ ಗಡಿ ಬದಲಾಗಿದೆಯೇ ನೋಡಿ. ಆಮೇಲಷ್ಟೇ ಹೋಲಿಕೆ. ಎಲ್ಲ ಜಾತಿಗಳ ಪೂರ್ತಿ ಅಂಕಿ ಪ್ರಕಟವಾದ ಕೊನೆಯ ಗಣತಿ 1931ರದು. ಇದೇ ಕಾಲದ ಅಂಕಿಗಳು ಹಿಂದುಳಿದವರ ಕೈಗೆ ವಾದದ ಬಲವನ್ನೂ ಕೊಟ್ಟವು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಿದ ಮೈಸೂರಿನ ಮಿಲ್ಲರ್ ಸಮಿತಿಯ 1919ರ ವರದಿಯನ್ನು ಜೊತೆಗಿಟ್ಟುಕೊಂಡು ಓದಿದರೆ ಚಿತ್ರ ಪೂರ್ತಿಯಾಗುತ್ತದೆ.

ಅಲೆಮಾರಿ ಸಮುದಾಯಗಳ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. 1871ರ ಕ್ರಿಮಿನಲ್ ಬುಡಕಟ್ಟು ಕಾಯ್ದೆ ಹುಟ್ಟಿನಿಂದಲೇ ಜನರನ್ನು ಅಪರಾಧಿಗಳ ಪಟ್ಟಿಗೆ ಸೇರಿಸಿತು. ಮದ್ರಾಸಿಗೆ ಅದು ಬಂದದ್ದು 1911ರಲ್ಲಿ, ದೇಶದ ಮಟ್ಟದಲ್ಲಿ ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯ ಸೆಟ್ಲಮೆಂಟ್ ಬಡಾವಣೆಯ ಹೆಸರು ಆ ಕಾಲದ್ದೇ. ‘ಕಳ್ಳತನ ಇವರ ಕುಲಕಸುಬಾಗಿತ್ತು’ ಎಂದು ಬರೆದರೆ ಪೊಲೀಸ್ ಕಡತವನ್ನು ನೀವೇ ಮುಂದುವರಿಸಿದಂತೆ. ‘ಇಂಥ ವರ್ಷ ಕಾಯ್ದೆಯಡಿ ಇವರನ್ನು ಪಟ್ಟಿ ಮಾಡಲಾಯಿತು’ ಎಂದು ಬರೆಯಿರಿ. ಅದಕ್ಕೆ ಮೊದಲು ಉಪ್ಪು-ಧಾನ್ಯ ಸಾಗಿಸುತ್ತಿದ್ದರೋ, ಚಾಪೆ ಹೆಣೆಯುತ್ತಿದ್ದರೋ ಹುಡುಕಿ ಸೇರಿಸಿ. ರೈಲು ಬಂದ ಮೇಲೆ ಎತ್ತಿನ ಮೇಲಿನ ಸಾಗಣೆ ಕುಸಿದದ್ದು ಈ ಕತೆಯ ದೊಡ್ಡ ಭಾಗ.

ಹಳೆಯ ಫೋಟೋ ಹಾಕುವುದಾದರೆ ‘ಬೇಡ ಜಾತಿಯ ಒಬ್ಬ ಮಾದರಿ ವ್ಯಕ್ತಿ’ ಎಂಬಂಥ ಮೂಲದ ಅಡಿಬರಹವನ್ನು ಹಾಗೇ ಅಚ್ಚು ಹಾಕಬೇಡಿ. ಸ್ಥಳ, ಇಸವಿ, ತೆಗೆದವರು, ಮತ್ತು ‘ಚಿತ್ರದಲ್ಲಿರುವವರ ಹೆಸರು ದಾಖಲಾಗಿಲ್ಲ’: ಇಷ್ಟು ಸಾಕು. ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆದ ಜೋಡಿ ಚಿತ್ರ ಕಂಡರೆ ಅದು ಬಹುಮಟ್ಟಿಗೆ ಮೂಗು-ತಲೆ ಅಳೆದು ಜನರನ್ನು ಜನಾಂಗಗಳಾಗಿ ವಿಂಗಡಿಸುತ್ತಿದ್ದವರ ಕೆಲಸ, ಅಲಂಕಾರಕ್ಕೆ ಬಳಸುವಂಥದ್ದಲ್ಲ.

ಹಾಗೆಂದು ಜಾತಿಯನ್ನು ಬ್ರಿಟಿಷರೇ ಹುಟ್ಟುಹಾಕಿದರೆಂದು ಬರೆಯುವುದು ಇನ್ನೊಂದು ಸೋಮಾರಿತನ. ಹಾಗಾದರೆ 12ನೇ ಶತಮಾನದ ವಚನಕಾರರು ಜಗಳವಾಡಿದ್ದು ಯಾವುದರ ಜೊತೆ? ಶಾಸನ, ಕೈಫಿಯತ್ತು (ಊರಿನ ವೃತ್ತಾಂತದ ಹಳೆಯ ದಾಖಲೆ), ಮಠದ ಕಡತಗಳಲ್ಲಿ ಅದೇ ಸಮುದಾಯ ಹೇಗೆ ಬರುತ್ತದೆ ನೋಡಿ, ಏನು ಮೊದಲೇ ಇತ್ತು, ಏನು ಅಚ್ಚಾದ ಮೇಲೆ ಬಿಗಿಯಾಯಿತು ಎಂದು ಬೇರ್ಪಡಿಸಿ.

ಕರಡನ್ನು ಅಚ್ಚಿಗೆ ಕಳಿಸುವ ಮುಂಚೆ ಆ ಸಮುದಾಯದವರ ಮುಂದೆ ಗಟ್ಟಿಯಾಗಿ ಓದಿ. ಸಂಘದ ಅಧ್ಯಕ್ಷರೊಬ್ಬರಿಗೆ ತೋರಿಸಿದರೆ ಸಾಲದು, ಕೇರಿಯ ಹಿರಿಯ ಹೆಂಗಸರೂ ಒಳಪಂಗಡದವರೂ ಕೂತಿರಲಿ. ಎರಡು ಮಾತು ಬಂದರೆ ಒಂದನ್ನು ಆರಿಸಬೇಡಿ. ಯಾರು ಏನು ಹೇಳಿದರೆಂದು ಎರಡನ್ನೂ ಹಾಕಿ.