ಹೊಸ ಮಾಸ್ತರಿಗೆ ಮೊದಲು ನಿಂಬೆಹಣ್ಣು ಕೊಡಿ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ಹಳ್ಳಿ ಶಾಲೆಗಳಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ್ದೇನೆ. ಈಚೆಗೆ ಹೊಸದಾಗಿ ನೇಮಕವಾದವರು, ಅತಿಥಿ ಶಿಕ್ಷಕರು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ಹತ್ತಿರ ಬಂದು ಕೂಡುತ್ತಾರೆ. ಆದೇಶವಿಲ್ಲ, ಭತ್ಯೆಯಿಲ್ಲ. ಚಹಾ ನನ್ನದು, ಸೂಸಲಾ ಅವರದು. ನಿಮ್ಮ ಕೈಗೂ ಇಂಥ ಹೊಸಬರು ಸಿಕ್ಕರೆ ಏನು ಮಾಡಬೇಕು ಅಂತ ಕೇಳುವ ಹಿರಿಯ ಶಿಕ್ಷಕರಿಗಾಗಿ ಇದು.

ಮೊದಲ ವಾರ ಭಾಷಣ ಬೇಡ. ವಿಜ್ಞಾನದ ಬೀರು ತೆಗೆಸಿ ಅವರಿಂದಲೇ ಪಟ್ಟಿ ಮಾಡಿಸಿ. ನಮ್ಮಲ್ಲಿ ಸಿಕ್ಕದ್ದು: ಬಾಯಿ ಸೀಳಿದ ಎರಡು ಬೀಕರು, ಬಲ ಕಳೆದುಕೊಂಡ ಅಯಸ್ಕಾಂತ, ಚೀಟಿ ಉದುರಿದ ಒಂದು ಬಾಟಲಿ. ಹೊಸಬರಲ್ಲೊಬ್ಬ ಅದರ ಮುಚ್ಚಳ ತೆಗೆದು ಮೂಸಲು ಹೊರಟಿದ್ದ, ನಾನೇ ಕೈ ಹಿಡಿದೆ. ಗಾಢ ಆಮ್ಲವೂ ಇರಬಹುದು. ಚೀಟಿ ಇಲ್ಲದ್ದನ್ನು ತೆರೆಯಬಾರದು, ಮೋರಿಗೆ ಸುರಿಯಬಾರದು. ಮುಖ್ಯ ಗುರುಗಳಿಗೆ ಬರೆದು ಕೊಟ್ಟು ಬೀಗದೊಳಗೇ ಇಡಬೇಕು.

ಎರಡನೇ ವಾರ ತಲೆಗೊಂದು ನಿಂಬೆಹಣ್ಣು ಕೊಟ್ಟು, ‘ಕಾಲಕೆಳಗಿನ ಶಹಾಬಾದ್ ಪರ್ಸಿಯಿಂದ ಗಾಳಿ ತೆಗೀರಿ’ ಅನ್ನಿ. ಎಂ.ಎಸ್ಸಿ. ಮುಗಿಸಿದವರೂ ಕಲ್ಲಿನ ಮೇಲೆ ನಾಲ್ಕು ಹನಿ ಹಿಂಡಿ, ಏನೂ ಕಾಣದೆ ನನ್ನ ಮುಖ ನೋಡುತ್ತಾರೆ. ಬಾಯಿ ಬಿಡಬೇಡಿ. ಇದು ನನಗೂ ಕಷ್ಟದ ಕೆಲಸ. ಯಾರಾದರೊಬ್ಬರು ಮೂಲೆಯ ಚೂರನ್ನು ತೊಳೆದು, ಕುಟ್ಟಿ, ಪುಡಿಗೆ ರಸ ಹಾಕುವವರೆಗೆ ಕಾಯಿರಿ. ಸಣ್ಣಗೆ ನೊರೆ ಏಳುತ್ತದೆ. ಈಗ ಕೇಳಿ: ಅದೇ ಕಲ್ಲು, ಅದೇ ರಸ, ಪುಡಿ ಮಾಡಿದ್ದಕ್ಕೆ ಏನು ಬದಲಾಯಿತು? ಮೇಲ್ಮೈ ವಿಸ್ತಾರದ ಪಾಠ ಅಲ್ಲಿ ಶುರು. ಆಮೇಲೆ ಆಳಂದದ ಕಡೆಯ ಕರಿಕಲ್ಲು ಕೊಡಿ, ಎಷ್ಟು ಕುಟ್ಟಿದರೂ ನೊರೆ ಇಲ್ಲ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ನಮ್ಮ ಪರ್ಸಿ ಅದಕ್ಕಿಂತ ಎಷ್ಟೋ ಹಳೆಯದು, ಕಡಲ ತಳದಲ್ಲಿ ಕೆಸರಾಗಿ ಕೂತದ್ದು. ಈ ಬಿಸಿಲೂರಿನಲ್ಲಿ ಕಡಲಿತ್ತು ಅಂದರೆ ಏಳನೇ ಇಯತ್ತೆಯ ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಇದೇ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಸುಣ್ಣ. ಪಾನ್ ಅಂಗಡಿಯ ಸುಣ್ಣ ತಂದು ನೀರಲ್ಲಿ ಕದಡಿಸಿ, ರಾತ್ರಿ ಬಿಟ್ಟು, ತಿಳಿ ಬಗ್ಗಿಸಿಕೊಂಡು ಸ್ಟ್ರಾದಲ್ಲಿ ಊದಿಸಿ. ಹಾಲಿನ ಹಾಗಾಗುತ್ತದೆ. ನಿಂಬೆರಸ ಕಲ್ಲಿನಿಂದ ಬಿಡಿಸಿದ ಗಾಳಿಯೇ ನಮ್ಮ ಉಸಿರಲ್ಲೂ ಇದೆ, ಅದು ಸುಣ್ಣಕ್ಕೆ ಸೇರಿ ಆದ ಆ ಬಿಳುಪು ಮತ್ತೆ ಅದೇ ಕಲ್ಲಿನ ಪದಾರ್ಥ! ಊದಬೇಕು, ಹೀರಬಾರದು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಬಾಯಿಪಾಠದ ಸಮೀಕರಣ ಬೋರ್ಡಿಗೆ ಬರುವುದು ಇದಾದ ಮೇಲೆ.

ತೊಗರಿ ಬೇರಿನ ಗಂಟು ತೋರಿಸಲು ಹೊಲಕ್ಕೆ ಕರೆದುಕೊಂಡು ಹೋಗುವುದಾದರೆ ಒಂದೇ ಮಾತು: ಗಿಡ ಕೀಳಬೇಡಿ, ಹಸಿ ಇದ್ದಾಗ ಸುತ್ತ ಅಗೆಯಿರಿ. ಕಿತ್ತರೆ ಗಂಟುಗಳೆಲ್ಲ ಕರಿಮಣ್ಣಲ್ಲೇ ಉಳಿಯುತ್ತವೆ. ಗಂಟು ಸೀಳಿದಾಗ ಒಳಗೆ ಕೆಂಪು ಕಂಡರೆ ಅದು ಸಾರಜನಕ ಹಿಡಿಯುತ್ತಿದೆ ಅಂತ.

ಇನ್ನು ಕಂಪ್ಯೂಟರ್. ನಾನು ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಐದು ಯಂತ್ರಗಳು ಬೆಡ್‌ಶೀಟ್ ಹೊದ್ದು ಮೂರು ವರ್ಷ ಬೀಗದೊಳಗಿದ್ದವು. ತೆಗೆದಾಗ ಬ್ಯಾಟರಿ ಸತ್ತಿತ್ತು, ಸಿಪಿಯು ಒಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ‘ಕೆಟ್ಟರೆ ಯಾರು ಜವಾಬ್ದಾರಿ’ ಅಂತ ಹೆದರಿ ಬೀಗ ಹಾಕಿದವಳು ನಾನೇ. ಅದಕ್ಕೇ ಈಗ ಹೊಸಬರಿಗೆ ಕರೆಂಟಿಲ್ಲದ ಪಾಠ ಮೊದಲು.

ಪಡಸಾಲೆಯ ಪರ್ಸಿ ಚೌಕಗಳೇ ನಮ್ಮ ಪರದೆ. ಒಬ್ಬರು ರೋಬೋಟ್, ಇನ್ನೊಬ್ಬರು ಚೀಟಿಯಲ್ಲಿ ಬರೆದ ಆಜ್ಞೆ ಓದುತ್ತಾರೆ: ಮುಂದೆ ಎರಡು ಪರ್ಸಿ, ಬಲಕ್ಕೆ ತಿರುಗು. ಬರೆದದ್ದು ಬಿಟ್ಟು ಬೇರೆ ಮಾಡುವಂತಿಲ್ಲ. ‘ತಿರುಗು’ ಅನ್ನೋದು ಮರೆತರೆ ರೋಬೋಟ್ ಗೋಡೆಗೆ ಹೋಗಿ ನಿಲ್ಲುತ್ತದೆ. ತಪ್ಪು ಚೀಟಿಯಲ್ಲಿ ಹುಡುಕಿಸಿ, ಮನುಷ್ಯನಲ್ಲಲ್ಲ.

ಸೊನ್ನೆ, ಒಂದು ಎರಡೇ ಅಂಕಿಯಲ್ಲಿ ಬರೆಯುವ ದ್ವಿಮಾನ ಸಂಖ್ಯೆಗೆ 1, 2, 4, 8, 16 ಬರೆದ ಪಾಟಿ ಹಿಡಿದು ಸಾಲಾಗಿ ನಿಲ್ಲಲಿ, ಚಿಕ್ಕದು ಬಲತುದಿಗೆ. ಎದ್ದರೆ ಒಂದು, ಕೂತರೆ ಸೊನ್ನೆ, ಎದ್ದವರ ಪಾಟಿಯ ಸಂಖ್ಯೆ ಕೂಡಿಸಬೇಕು. ಐದು ಜನರಿಂದ 31ರ ತನಕ, ಅಂದರೆ ತಿಂಗಳ ಯಾವ ತಾರೀಖನ್ನಾದರೂ ಕಟ್ಟಬಹುದು. ನಮ್ಮ ಭಾಗದ ಅಭ್ಯರ್ಥಿಗಳಿಗೆ 371ಜೆ (ಕಲ್ಯಾಣ ಕರ್ನಾಟಕದವರಿಗೆ ನೌಕರಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ) ಅಂದರೆ ಬೇರೆ ಹೇಳಬೇಕೇ, ಅದಕ್ಕೆ ನಾನು 371 ಕಟ್ಟಿಸುತ್ತೇನೆ. 256ರವರೆಗೆ ಒಂಬತ್ತು ಪಾಟಿ ಬೇಕು: 101110011. ಮೊನ್ನೆ ಎಂಟೇ ಜನ ಬಂದಿದ್ದರು, ಬಿಸಿಯೂಟದ ಅಕ್ಕನನ್ನು ಕರೆದೆವು. ಅವರಿಗೆ 8 ಸಿಕ್ಕಿತು. ‘ಕೂಡೋ ಕೆಲಸ ಸಿಕ್ತಲ್ಲ ಬಿಡ್ರಿ’ ಅಂದರು.

ಕರೆಂಟ್ ಬಂದ ದಿನ ಯಂತ್ರಕ್ಕೆ ಇಬ್ಬರು. ಹೇಳುವವರು ಮುಟ್ಟಬಾರದು, ಮುಟ್ಟುವವರು ಹೇಳಬಾರದು, ಹತ್ತು ನಿಮಿಷಕ್ಕೊಮ್ಮೆ ಅದಲುಬದಲು. ಶಿಕ್ಷಕರ ಕೈ ಬೆನ್ನ ಹಿಂದೆ. ಮಕ್ಕಳಿಗೆ ಪ್ರೋಗ್ರಾಂ ಬರೆಯಲು ಕಲಿಸುವ ಸ್ಕ್ರ್ಯಾಚ್ ತಂತ್ರಾಂಶ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರಿ.

ಹತ್ತಿ ಬಿಡಿಸುವಾಗ, ತೊಗರಿ ರಾಶಿಯಾಗುವಾಗ ಅರ್ಧ ತರಗತಿ ಹೊಲದಲ್ಲಿರುತ್ತದೆ. ಆ ವಾರಗಳ ಪಾಠ ಅಂದಂದೇ ಮುಗಿಯುವಂತಿರಲಿ. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ, ಗುರುಮಠಕಲ್ ಕಡೆಯವರು ತೆಲುಗು ಆಡುತ್ತಾರೆ. ಬೇರು, ಬೂದಿ, ಉಗಿ ಇವಕ್ಕೆ ಅವರ ಮಾತು ಮೊದಲು ಕೇಳಿಕೊಂಡು, ಪುಸ್ತಕದ ಪದ ಆಮೇಲೆ.

ಕೊನೆಗೆ, ಅವರ ಮೊದಲ ತರಗತಿಯಲ್ಲಿ ಹಿಂದೆ ಹೋಗಿ ಕೂಡಿ. ಹತ್ತು ತಪ್ಪು ಹುಡುಕಬೇಡಿ, ಗಡಿಯಾರ ನೋಡಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದು: ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದೇ ಸೆಕೆಂಡ್ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ಕಳೆದ ಜುಲೈಯಲ್ಲಿ ಒಬ್ಬ ಹೊಸ ಶಿಕ್ಷಕಿಗೆ ನಾನು ಕೊಟ್ಟ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು: ‘ಹದಿನಾಲ್ಕು ಪ್ರಶ್ನೆ ಕೇಳಿದಿರಿ. ಹನ್ನೊಂದಕ್ಕೆ ನೀವೇ ಉತ್ತರ ಹೇಳಿದಿರಿ.’ ಮರುವಾರ ಅವಳು ನನ್ನ ತರಗತಿಯಲ್ಲಿ ಕೂತಳು. ನನ್ನ ಚೀಟಿಯಲ್ಲಿ ಒಂಬತ್ತು ಇತ್ತು.